ಒಂದು ಮಳೆಗಾಲ, ಮೂವತ್ತನಾಲ್ಕು ಮೂಟೆ

ಮೊದಲೇ ಹೇಳಿಬಿಡ್ತೀವಿ. ನಾವು ಮೂರು ಜನ. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಎರಡು ಪುಟ ಬರೆದಿದ್ದು ಹತ್ತನೇ ಕ್ಲಾಸಿನ ಪ್ರಬಂಧವೇ ಕೊನೆ. ಸಂಘದ ಗ್ರೂಪಲ್ಲಿ "ಸೆಕೆಂಡ್ ಇಯರ್‌ನವರು ಓದೋದಷ್ಟೇ, ಬರೆಯೋದಿಲ್ಲ" ಅಂತ ಸೀನಿಯರ್ಸ್ ಕಾಲೆಳೆದಿದ್ದಕ್ಕೆ ಬರೀತಿದ್ದೀವಿ. ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಇದು ನಾವು ಮಾಡಿದ ಒಂದು ತಪ್ಪಿನ ಕತೆ. ಆ ದಿನ ಕೀಬೋರ್ಡ್ ಮುಂದೆ ಕೂತು ಎಂಟರ್ ಒತ್ತಿದ್ದು ಯಾರು ಅಂತ ಬರೆಯೋದಿಲ್ಲ ಅಂತ ಮೂವರೂ ಒಪ್ಪಂದ ಮಾಡ್ಕೊಂಡಿದ್ದೀವಿ. ಒಬ್ಬರು ಒತ್ತಿದ್ರು, ಇಬ್ಬರು "ಹೂಂ ಒತ್ತು" ಅಂದ್ರು. ಅದಕ್ಕೇ ಈ ಲೇಖನದಲ್ಲಿ ಶುರುವಿಂದ ಕೊನೆವರೆಗೂ "ನಾವು".

ನಮ್ಮಲ್ಲಿ ಒಬ್ಬನ ಮನೆ ತೀರ್ಥಹಳ್ಳಿ ಹತ್ತಿರ. ಅಡಿಕೆ ತೋಟ. ಫಸ್ಟ್ ಇಯರ್ ಪರೀಕ್ಷೆ ಮುಗಿಸಿ ಅಲ್ಲಿಗೆ ಹೋಗಿದ್ದಾಗ ಅವನ ಅಪ್ಪಯ್ಯ (ಈಗ ನಮಗೆಲ್ಲ ಅವರು ಅಪ್ಪಯ್ಯನೇ) ಕೊಳೆ ರೋಗದ ವಿಷಯ ಹೇಳಿದ್ರು. ಮಲೆನಾಡಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ: ಮಳೆಗಾಲದಲ್ಲಿ ತೇವ ಆರದೇ ಇದ್ರೆ ಎಳೆ ಅಡಿಕೆಗೆ ಕೊಳೆ ಹಿಡಿಯುತ್ತೆ, ಕಾಯಿ ಉದುರಿ ಮರದ ಬುಡದಲ್ಲಿ ಹಾಸಿಗೆ ಥರ ಬೀಳುತ್ತೆ. ಅದಕ್ಕೆ ಮದ್ದು ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮುಂಗಾರು ಶುರುವಾಗೋ ಮುಂಚೆ ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೀತಾರೆ. ಆದ್ರೆ ಎರಡನೇ ಸಲದ ಹೊತ್ತಿಗೆ ಮಳೆ ಬಿಡೋದಿಲ್ಲ, ಮರ ಹತ್ತೋ ಕೊನೆಗಾರರು ಸಿಗೋದಿಲ್ಲ.

"ರಾತ್ರಿ ಹೊತ್ತು ತೋಟದೊಳಗೆ ತೇವ ಎಷ್ಟು ಗಂಟೆ ನಿಲ್ಲುತ್ತೆ ಅಂತ ಯಾರಿಗೆ ಗೊತ್ತು? ನಾವು ನೋಡೋದು ಬೆಳಿಗ್ಗೆ ಮಾತ್ರ. ನೀವು ಇಂಜಿನಿಯರ್‌ಗಳಲ್ವಾ, ಅದನ್ನ ಅಳೆದು ಕೊಡಿ ನೋಡುವ" ಅಂದ್ರು ಅಪ್ಪಯ್ಯ. ಅರ್ಧ ತಮಾಷೆ, ಅರ್ಧ ನಿಜ. ಒಂದೇ ವರ್ಷ ಓದಿದವರನ್ನ ಇಂಜಿನಿಯರ್ ಅಂದ್ರೆ ಸುಮ್ಮನಿರೋಕಾಗುತ್ತಾ?

ಒಂದು ರಾಸ್ಪ್‌ಬೆರಿ ಪೈ, ತೇವಾಂಶ ಮತ್ತು ಉಷ್ಣತೆಯ ಸೆನ್ಸರ್, ಎಲೆ ಒದ್ದೆಯಾಗಿದೆಯಾ ಅಂತ ಹೇಳೋ ಒಂದು ಪುಟ್ಟ ಪ್ಲೇಟು. ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ತೋಟದ ಮಧ್ಯೆ ಕಟ್ಟಿದ್ವಿ. ಜೂನ್ 5ರಿಂದ ಸೆಪ್ಟೆಂಬರ್ 12ರವರೆಗೆ, ನೂರು ದಿನ. ಸೋಲಾರ್ ಹಾಕೋಣ ಅಂದ್ರೆ ಆ ಮೋಡದಲ್ಲಿ ಸೂರ್ಯ ಎಲ್ಲಿ? ಅದಕ್ಕೆ ಎರಡು ಬ್ಯಾಟರಿ ಇಟ್ವಿ. ನಾವು ಕಾಲೇಜಿಗೆ ವಾಪಸ್ ಬಂದ್ವಿ. ನಾಲ್ಕು ದಿನಕ್ಕೊಂದು ಸಲ ಕಂಬಳಿಕೊಪ್ಪೆ ಹಾಕ್ಕೊಂಡು, ಉಂಬಳ ಕಚ್ಚಿಸ್ಕೊಂಡು, ತೋಟಕ್ಕೆ ಇಳಿದು ಬ್ಯಾಟರಿ ಬದಲಾಯಿಸಿದ್ದು ಅಪ್ಪಯ್ಯ. ನೂರು ದಿನದಲ್ಲಿ ಅದು ನಿಂತಿದ್ದು ಎಲ್ಲ ಸೇರಿ ಮೂರು ದಿನದಷ್ಟು ಮಾತ್ರ.

ಈಗ ನಮ್ಮ ಮೊದಲ ದಡ್ಡತನ. ಕರೆಂಟ್ ಹೋದಾಗ ತೆರೆದಿದ್ದ ಫೈಲ್ ಕೆಡಬಾರದು ಅಂತ ನಿಮಿಷಕ್ಕೊಂದು ಹೊಸ ಫೈಲ್ ಬರೆಯೋ ಹಾಗೆ ಪ್ರೋಗ್ರಾಮ್ ಮಾಡಿದ್ವಿ. ದಿನ, ಗಂಟೆ, ನಿಮಿಷ ಎಲ್ಲ ಫೈಲಿನ ಹೆಸರಲ್ಲಿ. ಒಳಗೆ ಮೂರೇ ಮೂರು ಅಂಕಿ. ದಿನಕ್ಕೆ 1,440 ಫೈಲು. ಸೆಪ್ಟೆಂಬರಲ್ಲಿ ಕಾರ್ಡ್ ತಂದು ಹಾಸ್ಟೆಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಹಾಕಿದಾಗ ಒಂದೇ ಫೋಲ್ಡರಲ್ಲಿ 1,39,803 ಫೈಲು ಕೂತಿದ್ವು.

ಎಲ್ಲವನ್ನೂ ಒಂದು ಟಾರ್ ಮೂಟೆ ಕಟ್ಟಿ ಲ್ಯಾಪ್‌ಟಾಪಿಗೆ ಹಾಕ್ಕೊಳ್ಳೋಣ ಅಂತ ಫೋಲ್ಡರ್ ಒಳಗೆ ಹೋಗಿ ಟಾರ್ ಕಮಾಂಡ್ ಹೊಡೆದು, ಕೊನೆಗೆ ಒಂದು ಸ್ಟಾರ್ ಹಾಕಿದ್ವಿ. ಸ್ಟಾರ್ ಅಂದ್ರೆ "ಇಲ್ಲಿರೋದೆಲ್ಲ" ಅಂತ ನಮಗೆ ಗೊತ್ತಿದ್ದದ್ದು ಅಷ್ಟೇ. ಉತ್ತರ ಬಂತು: ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್. "ಮಗಾ, ಕಂಪ್ಯೂಟರ್ ಹೇಳ್ತಿದೆ ನಿಂದು ವಾದ ಜಾಸ್ತಿ ಆಯ್ತು ಅಂತ" ಅಂತ ನಕ್ಕಿದ್ವಿ. ಅವತ್ತು ಅದು ಹೇಳಿದ್ದು ನಿಜವಾದ ಮಾತು. ನಾವು ಕೇಳಿಸ್ಕೊಳ್ಳಲಿಲ್ಲ.

ಆಗ ಗೊತ್ತಿರಲಿಲ್ಲ, ಈಗ ಗೊತ್ತು. ಸ್ಟಾರ್ ಅನ್ನೋದನ್ನ ಟಾರ್ ನೋಡೋದೇ ಇಲ್ಲ. ಶೆಲ್ ಅದನ್ನ ಬಿಡಿಸಿ, ಫೋಲ್ಡರಿನಲ್ಲಿರೋ ಒಂದೊಂದು ಹೆಸರನ್ನೂ ಸಾಲಾಗಿ ಬರೆದು, ಆ ಉದ್ದ ಪಟ್ಟಿಯನ್ನ ಕರ್ನಲ್ ಕೈಗೆ ಕೊಟ್ಟು "ಟಾರ್ ಅನ್ನ ಎಬ್ಬಿಸು, ಇದನ್ನ ಅದಕ್ಕೆ ಕೊಡು" ಅನ್ನುತ್ತೆ. ಆ ಪಟ್ಟಿ ಹೊಸ ಪ್ರೋಗ್ರಾಮಿನ ಸ್ಟ್ಯಾಕ್ ಮೇಲೆ ಕೂರಬೇಕು. ಅಲ್ಲಿ ಜಾಗಕ್ಕೆ ಮಿತಿ ಇದೆ. ಲಿನಕ್ಸಲ್ಲಿ ಮೊದಲು ಅದು 128 ಕೆಬಿ ಅಂತ ಗಟ್ಟಿಯಾಗಿ ಕೂತಿತ್ತು. 2007ರಲ್ಲಿ ಬಂದ 2.6.23 ಕರ್ನಲ್‌ನಿಂದ ಈಚೆಗೆ ಸ್ಟ್ಯಾಕ್ ಮಿತಿಯ ಕಾಲು ಭಾಗ. ಸಾಮಾನ್ಯವಾಗಿ ಸ್ಟ್ಯಾಕ್ 8 ಎಂಬಿ, ಹಾಗಾಗಿ ಪಟ್ಟಿಗೆ 2 ಎಂಬಿ. ಗೆಟ್‌ಕಾನ್ಫ್ ಆರ್ಗ್ ಮ್ಯಾಕ್ಸ್ ಅಂತ ಕೇಳಿದ್ರೆ ನಿಮ್ಮ ಲ್ಯಾಪ್‌ಟಾಪ್ ಕೂಡ ಬಹುಶಃ 20,97,152 ಅಂತ ಹೇಳುತ್ತೆ. ಇದರಲ್ಲೇ ಪಾತ್, ಹೋಮ್ ಥರದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿಗೂ ಪಾಲು ಇದೆ.

ನಮ್ಮ ಒಂದೊಂದು ಹೆಸರು 30 ಅಕ್ಷರ, ಕೊನೆಯ ಸೊನ್ನೆ ಬೈಟ್ ಸೇರಿ 31. ಗುಣಿಸಿ ನೋಡಿ. ಹೆಸರುಗಳೇ 43 ಲಕ್ಷ ಬೈಟ್ ದಾಟುತ್ತೆ. ಟಾರ್ ಎದ್ದೇಳಲೇ ಇಲ್ಲ. ಬಾಗಿಲಲ್ಲೇ ಕರ್ನಲ್ ತಡೆದು ವಾಪಸ್ ಕಳಿಸ್ತು. ಒಂದು ಫೈಲೂ ಕೆಡಲಿಲ್ಲ, ಅರ್ಧಂಬರ್ಧ ಕೆಲಸವೂ ಆಗಲಿಲ್ಲ.

ಆದ್ರೆ ಎರರ್ ಬಂದ್ರೆ ನಾವೇನು ಮಾಡ್ತೀವಿ ನಿಮಗೆ ಗೊತ್ತಲ್ಲ. ಎರರ್ ಅನ್ನ ಓದಲ್ಲ, ಎರರ್ ಅನ್ನ ಸರ್ಚ್ ಮಾಡ್ತೀವಿ. ಎಲ್ಲ ಕಡೆ ಒಂದೇ ಉತ್ತರ: ಎಕ್ಸ್‌ಆರ್ಗ್ಸ್ ಬಳಸಿ. ಎಲ್‌ಎಸ್ ಹೊಡೆದು, ಅದರ ಔಟ್‌ಪುಟ್ಟನ್ನ ಪೈಪಿನಲ್ಲಿ ಎಕ್ಸ್‌ಆರ್ಗ್ಸ್‌ಗೆ ಕೊಟ್ಟು, ಅದರ ಮುಂದೆ ನಮ್ಮ ಟಾರ್ ಕಮಾಂಡನ್ನೇ ಇಟ್ವಿ. ಎಂಟರ್. ಫ್ಯಾನ್ ಜೋರಾಗಿ ಓಡಿತು. ಸುಮಾರು ಹೊತ್ತು ಕೆಲಸ ಮಾಡ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಮುಗೀತು.

ಮೂಟೆ ಎಷ್ಟು ದೊಡ್ಡದಾಗಿದೆ ನೋಡಿದ್ವಿ. ತೀರಾ ಚಿಕ್ಕದಿತ್ತು. ಇಲ್ಲಿ ನಿಲ್ಲಬೇಕಿತ್ತು. ನಾವು ಏನಂದ್ವಿ ಗೊತ್ತಾ? "ಕಂಪ್ರೆಷನ್ ಸೂಪರ್ ಗುರು!"

ಆಮೇಲೆ ಕಾರ್ಡ್ ಖಾಲಿ ಮಾಡಬೇಕಿತ್ತು. ಹಾಸ್ಟೆಲ್ ಟ್ಯಾಂಕಿನ ನೀರಿನ ಮಟ್ಟ ಅಳೆಯೋ ಮಿನಿ ಪ್ರಾಜೆಕ್ಟಿಗೆ ಅದೇ ಪೈ, ಅದೇ ಕಾರ್ಡ್. ಆರ್‌ಎಂ ಸ್ಟಾರ್ ಅಂದ್ವಿ. ಮತ್ತೆ ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್. ಎರಡನೇ ಸಲ ಬಾಗಿಲಲ್ಲಿ ತಡೀತು. ಈಗ ನಾವು ಎಕ್ಸ್‌ಪರ್ಟ್‌ಗಳಲ್ವಾ, ಎಲ್‌ಎಸ್, ಪೈಪು, ಎಕ್ಸ್‌ಆರ್ಗ್ಸ್, ಆರ್‌ಎಂ. ಎಲ್ಲ ಅಳಿಸಿ ಹೋಯ್ತು. ಇದು ಮಾತ್ರ ಚೂರೂ ತಪ್ಪಿಲ್ಲದೆ ಕೆಲಸ ಮಾಡ್ತು.

ಮೂರು ವಾರ ಆದ್ಮೇಲೆ, ಇಂಟರ್ನಲ್ಸ್ ಮುಗಿದ ರಾತ್ರಿ, ಗ್ರಾಫ್ ಹಾಕೋಣ ಅಂತ ಮೂಟೆ ಬಿಚ್ಚಿದ್ವಿ. 312 ಫೈಲು. ಇನ್ನೊಂದು ಸಲ ಬಿಚ್ಚಿದ್ವಿ. 312. ಸೆಪ್ಟೆಂಬರ್ 12ರ ಸಂಜೆ 6:48ರಿಂದ ರಾತ್ರಿ 11:59ರವರೆಗೆ. ಐದು ಗಂಟೆ ಹನ್ನೆರಡು ನಿಮಿಷ. ಅವತ್ತು ಮಳೆಯೂ ಬಂದಿರಲಿಲ್ಲ.

ಆ ರಾತ್ರಿ ಮೂವರೂ ಮಲಗಲಿಲ್ಲ. ಏನಾಯ್ತು ಅಂತ ಅರ್ಥ ಮಾಡ್ಕೊಳ್ಳೋಕೆ ಖಾಲಿ ಫೈಲುಗಳನ್ನ ಸೃಷ್ಟಿ ಮಾಡಿ ಮತ್ತೆ ಮತ್ತೆ ಓಡಿಸಿ ನೋಡಿದ್ವಿ. ಎಕ್ಸ್‌ಆರ್ಗ್ಸ್ ಮಾಡೋದು ಏನು ಅಂದ್ರೆ, ಉದ್ದ ಪಟ್ಟಿಯನ್ನ ಮಿತಿಯೊಳಗೆ ಹಿಡಿಯೋ ತುಂಡುಗಳಾಗಿ ಕತ್ತರಿಸಿ, ತುಂಡಿಗೊಂದು ಸಲ ಕಮಾಂಡ್ ಓಡಿಸುತ್ತೆ. ಕರ್ನಲ್ 2 ಎಂಬಿ ಕೊಟ್ರೂ ಲಿನಕ್ಸಿನ ಗ್ನೂ ಎಕ್ಸ್‌ಆರ್ಗ್ಸ್ ತಾನಾಗಿ ಇಟ್ಕೊಳ್ಳೋ ಮಿತಿ 128 ಕೆಬಿ. ನಮ್ಮ ಹೆಸರುಗಳ ಉದ್ದಕ್ಕೆ ಸಲಕ್ಕೆ 4,227 ಫೈಲು. ಅಂದ್ರೆ 33 ಪೂರ್ತಿ ತುಂಡು, ಕೊನೆಗೆ ಉಳಿದ 312ರದ್ದು ಒಂದು. ಟಾರ್ ಒಂದು ಸಲ ಅಲ್ಲ, 34 ಸಲ ಓಡಿತ್ತು.

ನಾವು ಟಾರ್‌ಗೆ ಕೊಟ್ಟಿದ್ದು "ಸಿ" ಅಂದ್ರೆ ಕ್ರಿಯೇಟ್, ಹೊಸ ಮೂಟೆ ಕಟ್ಟು ಅಂತ. ಅದು ಹೇಳಿದ ಹಾಗೇ ಮಾಡ್ತು. ಮೊದಲ ತುಂಡಿಗೆ ಮೂಟೆ ಕಟ್ತು. ಎರಡನೇ ತುಂಡಿಗೆ ಅದೇ ಹೆಸರಿನ ಹೊಸ ಮೂಟೆ ಕಟ್ತು, ಹಳೇದು ಹೋಯ್ತು. ಹೀಗೆ 34 ಸಲ. ಜೂನ್ ಹೋಯ್ತು, ಜುಲೈ ಹೋಯ್ತು, ಆಗಸ್ಟ್ ಹೋಯ್ತು. ಪ್ರತಿ ಸಲವೂ ಟಾರ್ ಪ್ರಕಾರ ಕೆಲಸ ಸರಿಯಾಗಿ ಮುಗಿದಿತ್ತು. ಹಾಗಾಗಿ ಎರರ್ ಯಾಕೆ ಬರುತ್ತೆ?

ಆರ್‌ಎಂ ಮಾತ್ರ ಯಾಕೆ ಸರಿಯಾಯ್ತು ಅಂತ ಯೋಚಿಸಿದಾಗಲೇ ವಿಷಯ ತಲೆಗೆ ಹೋಗಿದ್ದು. ಲಕ್ಷ ಫೈಲನ್ನ ಒಂದೇ ಸಲ ಅಳಿಸಿದ್ರೂ ಅಷ್ಟೇ, 34 ಕಂತಲ್ಲಿ ಅಳಿಸಿದ್ರೂ ಅಷ್ಟೇ. ಪರ್ಮಿಷನ್ ಬದಲಾಯಿಸೋದೂ ಹಾಗೇ. ಆದ್ರೆ ಕೆಲವು ಕೆಲಸ ಕಂತಲ್ಲಿ ಮಾಡಿದ್ರೆ ಬೇರೆಯೇ ಕೆಲಸ ಆಗಿಬಿಡುತ್ತೆ. ಸಾರ್ಟ್ ಅನ್ನ ತುಂಡು ಮಾಡಿದ್ರೆ ಒಂದೊಂದು ತುಂಡು ಒಳಗೊಳಗೇ ಸಾಲಾಗಿರುತ್ತೆ, ಒಟ್ಟು ಸಾಲಾಗಿರೋದಿಲ್ಲ. ಡಬ್ಲ್ಯುಸಿಯಿಂದ ಸಾಲು ಎಣಿಸಿದ್ರೆ ಒಂದು ಟೋಟಲ್ ಬದಲು ತುಂಡಿಗೊಂದು ಟೋಟಲ್ ಬರುತ್ತೆ. ಕೊನೆಯ ಸಾಲು ಮಾತ್ರ ನೋಡಿ ನಂಬಿದ್ರೆ ಕತೆ ಮುಗೀತು. ಫೈಂಡ್‌ನ ಎಕ್ಸೆಕ್ ಜೊತೆ ಪ್ಲಸ್ ಹಾಕಿದ್ರೂ ಇದೇ ಕತ್ತರಿ. ಫೈಲ್ ಸಾವಿರ ಇದ್ದಾಗ ಒಂದೇ ತುಂಡಲ್ಲಿ ಮುಗಿಯೋದ್ರಿಂದ ಎಲ್ಲ ಸರಿಯಾಗಿಯೇ ಕಾಣುತ್ತೆ. ತಪ್ಪು ಹೊರಗೆ ಬರೋದು ಡೇಟಾ ಜಾಸ್ತಿ ಇದ್ದಾಗ, ಅಂದ್ರೆ ಕಳ್ಕೊಳ್ಳೋಕೆ ಜಾಸ್ತಿ ಇದ್ದಾಗ.

ಕಾರ್ಡಿನಿಂದ ಅಳಿಸಿದ್ದನ್ನ ವಾಪಸ್ ತರೋ ಸಾಫ್ಟ್‌ವೇರ್ ಓಡಿಸಿದ್ವಿ. ಮೂರು ವಾರದಿಂದ ಆ ಕಾರ್ಡಿನ ಮೇಲೆ ಟ್ಯಾಂಕಿನ ನೀರಿನ ಲೆಕ್ಕ ನಿಮಿಷಕ್ಕೊಂದು ಬರೆಸಿದ್ದೂ ನಾವೇ. ಆದ್ರೂ ಒಂದಷ್ಟು ಚೂರು ಸಿಕ್ಕವು. ಮೂರು ಮೂರು ಅಂಕಿ. ಯಾವ ದಿನದ್ದು, ಯಾವ ಗಂಟೆದು? ಅದು ಫೈಲಿನ ಹೆಸರಲ್ಲಿತ್ತು. ಹೆಸರು ಹೋಗಿತ್ತು. 97 ಪರ್ಸೆಂಟ್ ತೇವಾಂಶ, 21 ಡಿಗ್ರಿ, ಎಲೆ ಒದ್ದೆ. ಯಾವತ್ತೋ ಒಂದು ರಾತ್ರಿ.

ಪ್ರಾಜೆಕ್ಟ್ ಮಾರ್ಕ್ಸ್ ಹೋಗಿದ್ದಕ್ಕೆ ಅಷ್ಟು ಬೇಜಾರಾಗಲಿಲ್ಲ. ಪ್ರೋಗ್ರಾಮ್ ಹೋದ್ರೆ ಮತ್ತೆ ಬರೀಬಹುದು, ರಿಪೋರ್ಟ್ ಹೋದ್ರೆ ಮತ್ತೆ ಟೈಪ್ ಮಾಡಬಹುದು. ಆ ಮಳೆಗಾಲ ಮತ್ತೆ ಬರೋದಿಲ್ಲ. ಇಪ್ಪತ್ತೈದು ಸಲ ಮಳೆಯಲ್ಲಿ ಬ್ಯಾಟರಿ ಹೊತ್ತವರಿಗೆ ಏನು ಹೇಳೋದು?

ಫೋನಲ್ಲಿ ಹೇಳೋಕೆ ಧೈರ್ಯ ಸಾಲಲಿಲ್ಲ. ದೀಪಾವಳಿ ರಜೆಗೆ ಮೂವರೂ ಹೋದ್ವಿ. ಅಂಗಳದಲ್ಲಿ ಅಡಿಕೆ ಸುಲಿಯೋ ಕೆಲಸ ನಡೀತಿತ್ತು. ಮಗನೇ ಹೇಳ್ಲಿ ಅಂತ ನಾವಿಬ್ಬರು ಅವನ ಮುಖ ನೋಡಿದ್ವಿ, ಅವನು ನಮ್ಮ ಮುಖ ನೋಡಿದ. ಕೊನೆಗೆ ಮೂವರೂ ಸೇರಿ, ಒಬ್ಬರ ಮಾತಿಗೆ ಒಬ್ಬರು ಅಡ್ಡ ಬಂದು, ಹೇಗೋ ಹೇಳಿ ಮುಗಿಸಿದ್ವಿ. ಶೆಲ್ಲು, ಸ್ಟ್ಯಾಕು ಅಂತ ಶುರು ಮಾಡಿ ಅವರ ಮುಖ ನೋಡಿ ಬಿಟ್ವಿ.

ಅಪ್ಪಯ್ಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ರು. "ಅಂದ್ರೆ ಹೀಗಾ? ಗೊನೆ ಹೊರೋಕೆ ಆಳಿಗೆ ಹೇಳಿದ್ರಿ. ಅವನು ಒಂದೇ ಸಲ ಆಗಲ್ಲ ಅಂದ. ಮೂವತ್ನಾಲ್ಕು ಸಲ ಹೊತ್ತ. ಆದ್ರೆ ಪ್ರತಿ ಸಲ ಅಂಗಳಕ್ಕೆ ಬಂದಾಗ, ಮೊದಲು ಹಾಕಿದ ರಾಶಿ ಗುಡಿಸಿ ಹೊಳೆಗೆ ಎಸೆದು, ಹೊಸ ಹೊರೆ ಹಾಕಿದ."

"ಹೌದು ಅಪ್ಪಯ್ಯ."

"ನೀವು ಅಂಗಳಕ್ಕೆ ಬಂದು ರಾಶಿ ನೋಡಲಿಲ್ವಾ?"

"ನೋಡಿದ್ವಿ. ಚಿಕ್ಕದಿತ್ತು."

"ಚಿಕ್ಕದಿತ್ತು ಅಂತ ಕಂಡ ಮೇಲೂ ತೋಟದಲ್ಲಿ ಉಳಿದಿದ್ದನ್ನ ಸುಟ್ರಾ ಮಾರಾಯ?"

ಬೈಗುಳ ಆಗಿದ್ರೆ ತಡ್ಕೋಬಹುದಿತ್ತು. ಅವರು ನಿಜವಾಗಿ ತಿಳ್ಕೊಳ್ಳೋಕೆ ಕೇಳಿದ್ದು. ನಮ್ಮ ಹತ್ರ ಉತ್ತರ ಇರಲಿಲ್ಲ.

ಊಟ ಆದ್ಮೇಲೆ ಅವರು ಒಳಗಿಂದ ಒಂದು ಡೈರಿ ತಂದ್ರು. ಯಾವುದೋ ಬ್ಯಾಂಕಿನವರು ಕೊಟ್ಟ ಡೈರಿ. ಅವರ ಮನೆ ಮುಂದೆ ಮಳೆ ಅಳೆಯೋ ಸಾಧಾರಣ ಮಾಪಕ ಇದೆ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದಿಡ್ತಾರೆ. ದಿನಕ್ಕೊಂದು ಸಾಲು. ಮಳೆ ಇಷ್ಟು ಮಿಲಿಮೀಟರ್. ಕೆಲವು ಕಡೆ ಇನ್ನೆರಡು ಮಾತು: "ಔಷಧಿ ಆಗಲಿಲ್ಲ, ಕೊನೆಗಾರ ಬರಲಿಲ್ಲ." "ಕೆಳಗಿನ ತೋಟದಲ್ಲಿ ಕೊಳೆ ಕಂಡಿತು." ನಾಲ್ಕು ದಿನಕ್ಕೊಂದು ಸಲ, ಬೇರೆ ಇಂಕಲ್ಲಿ: "ಹುಡುಗರ ಬ್ಯಾಟರಿ ಬದಲು." ನಮ್ಮ ಪೆಟ್ಟಿಗೆ ನಿಂತು ಹೋದ ದಿನಗಳೂ ಅದರಲ್ಲಿದ್ದವು.

ಅವರ ಪ್ರಶ್ನೆಗೆ, ಅಂದ್ರೆ ರಾತ್ರಿ ತೇವ ಎಷ್ಟು ಗಂಟೆ ನಿಲ್ಲುತ್ತೆ ಅನ್ನೋದಕ್ಕೆ, ಆ ಡೈರಿಯಲ್ಲೂ ಉತ್ತರ ಇಲ್ಲ. ಅದು ನಮ್ಮ ಫೈಲುಗಳಲ್ಲಿ ಮಾತ್ರ ಇತ್ತು. ಆದ್ರೆ ನೂರು ದಿನದ ಮಳೆ, ಕೊಳೆ ಮೊದಲು ಕಂಡ ದಿನ, ಔಷಧಿ ಹೊಡೆದ ದಿನ, ಇಷ್ಟು ಉಳಿದಿತ್ತು. ಆ ನೂರು ಸಾಲನ್ನ ಅಲ್ಲೇ ಜಗುಲಿ ಮೇಲೆ ಕೂತು ಟೈಪ್ ಮಾಡ್ಕೊಂಡ್ವಿ. ಒಬ್ಬರು ಓದೋದು, ಒಬ್ಬರು ಟೈಪ್ ಮಾಡೋದು, ಒಬ್ಬರು ಸರಿ ಇದೆಯಾ ಅಂತ ನೋಡೋದು. ಒಂದೇ ಫೈಲು. ನಮ್ಮ ರಿಪೋರ್ಟ್ ನಿಂತಿದ್ದು ಅದರ ಮೇಲೆ. ಡೇಟಾ ಎಲ್ಲಿಂದ ಬಂತು ಅನ್ನೋ ಕಡೆ "ಕೃಷಿಕರ ದಿನಚರಿ" ಅಂತ ಬರೆದ್ವಿ. ನಮ್ಮ ಸೆನ್ಸರ್ ಬಗ್ಗೆ ಬರೆದ ಭಾಗದಲ್ಲಿ ಏನು ಕಳೀತು, ಹೇಗೆ ಕಳೀತು ಅಂತಲೂ ಬರೆದ್ವಿ. ಅದನ್ನ ಬರೆಯೋದು ಬೇಡ ಅಂತ ಒಂದು ಸಂಜೆ ಪೂರ್ತಿ ಜಗಳ ಆಡಿದ ಮೇಲೆ.

ಈಗ ಜೂನಿಯರ್ಸ್‌ಗೆ ನಾಲ್ಕು ಮಾತು. ಇದನ್ನ ಯಾವ ಲ್ಯಾಬ್ ಮ್ಯಾನ್ಯುಯಲಲ್ಲೂ ನಾವು ನೋಡಿಲ್ಲ.

ಒಂದು, ಪೂರ್ತಿ ಫೋಲ್ಡರ್ ಬೇಕಂದ್ರೆ ಟಾರ್‌ಗೆ ಫೋಲ್ಡರಿನ ಹೆಸರನ್ನೇ ಕೊಡಿ. ಸ್ಟಾರ್ ಬೇಡ. ಒಂದೇ ಆರ್ಗ್ಯುಮೆಂಟ್, ಒಳಗಿನ ಲಕ್ಷ ಫೈಲನ್ನ ಟಾರ್ ತಾನೇ ಹುಡುಕ್ಕೊಳ್ಳುತ್ತೆ. ಒಂದು ಮಳೆಗಾಲ ಉಳಿಸೋಕೆ ನಮಗೆ ಬೇಕಿದ್ದದ್ದು ಇಷ್ಟೇ. ಆಯ್ದ ಫೈಲು ಮಾತ್ರ ಬೇಕಂದ್ರೆ ಹೆಸರುಗಳ ಪಟ್ಟಿಯನ್ನ ಒಂದು ಫೈಲಿನಲ್ಲಿ ಬರೆದು, ದೊಡ್ಡಕ್ಷರದ "ಟಿ" ಆಯ್ಕೆಯಲ್ಲಿ ಕೊಡಿ. ಪಟ್ಟಿ ಎಷ್ಟುದ್ದ ಇದ್ರೂ ಟಾರ್ ಓಡೋದು ಒಂದೇ ಸಲ.

ಎರಡು, ಎಕ್ಸ್‌ಆರ್ಗ್ಸ್ ಹಾಕೋ ಮುಂಚೆ ಕೇಳ್ಕೊಳ್ಳಿ: ಈ ಕೆಲಸವನ್ನ ನಾಲ್ಕು ಕಂತಲ್ಲಿ ಮಾಡಿದ್ರೆ ಫಲಿತಾಂಶ ಅದೇ ಇರುತ್ತಾ? ಅದೇ ಇದ್ರೆ ಹಾಕಿ. ಇಲ್ಲ ಅಂದ್ರೆ ಬೇಡ. ಹೆಸರುಗಳಲ್ಲಿ ಸ್ಪೇಸ್ ಇದ್ರೆ ಎಕ್ಸ್‌ಆರ್ಗ್ಸ್ ಒಂದು ಹೆಸರನ್ನ ಎರಡು ಅಂತ ತಿಳ್ಕೊಳ್ಳುತ್ತೆ. ಅದಕ್ಕೆ ಫೈಂಡ್‌ನ ಪ್ರಿಂಟ್ ಸೊನ್ನೆ, ಎಕ್ಸ್‌ಆರ್ಗ್ಸ್‌ನ ಸೊನ್ನೆ, ಎರಡೂ ಜೋಡಿಯಾಗಿ ಹಾಕಿ.

ಮೂರು, ಅಳಿಸೋ ಮುಂಚೆ ಎಣಿಸಿ. ಮೂಟೆಯೊಳಗಿನ ಪಟ್ಟಿ ತೋರಿಸೋಕೆ ಟಾರ್‌ನಲ್ಲೇ ಚಿಕ್ಕಕ್ಷರದ "ಟಿ" ಇದೆ. ಅದನ್ನ ಡಬ್ಲ್ಯುಸಿಗೆ ಪೈಪ್ ಮಾಡಿದ್ರೆ ಸಂಖ್ಯೆ ಬರುತ್ತೆ. ಫೋಲ್ಡರಿನ ಎಣಿಕೆಗೂ ಇದಕ್ಕೂ ತಾಳೆ ನೋಡಿ. ಹತ್ತು ಸೆಕೆಂಡಿನ ಕೆಲಸ.

ನಾಲ್ಕು, ಎರರ್ ಬಂದಾಗ ಅದು ಏನು ಹೇಳ್ತಿದೆ ಅಂತ ಒಂದು ಸಲ ಓದಿ. ಆವತ್ತು ನಾಲ್ಕು ಕಮಾಂಡುಗಳು ನಮ್ಮ ಜೊತೆ ಮಾತಾಡಿದ್ವು. "ಆಗಲ್ಲ" ಅಂದಿದ್ದು ನಮ್ಮ ಡೇಟಾ ಕಾಪಾಡ್ತು. "ಆಯ್ತು" ಅಂದಿದ್ದು ಎರಡೂ ಸೇರಿ ಅದನ್ನ ಮುಗಿಸಿದ್ವು.

ಬರೋ ಜೂನ್‌ಗೆ ಪೆಟ್ಟಿಗೆ ಮತ್ತೆ ತೋಟಕ್ಕೆ ಇಳಿಯುತ್ತೆ. ಈ ಸಲ ದಿನಕ್ಕೊಂದೇ ಫೈಲು, ಸಮಯ ಪ್ರತಿ ಸಾಲಿನ ಒಳಗೆ. ಅಪ್ಪಯ್ಯನ ಡೈರಿಯ ಥರ. ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಒಂದು ಕಾಪಿ ತೆಗೆಯೋದನ್ನ ಅವರಿಗೇ ಕಲಿಸಿಕೊಟ್ಟು ಬಂದಿದ್ದೀವಿ. ಹೊರಡುವಾಗ ಬ್ಯಾಟರಿ ಇನ್ನೂ ಚೆನ್ನಾಗಿದೆಯಾ ಅಂತ ಕೇಳಿದ್ವಿ.

"ಬ್ಯಾಟರಿ ನಾನು ನೋಡ್ಕೊಳ್ತೇನೆ. ರಾಶಿ ನೀವು ನೋಡ್ಕೊಳ್ಳಿ" ಅಂದ್ರು.